ಏಡಿ ಕೋವಿ ಮತ್ತು ಎರಡು ಬಟ್ಟಲು

ಏಪ್ರಿಲ್ ೯, ಬೆಳಿಗ್ಗೆ

ಇಸೊಬೆ ಹೋಗಿಬಿಟ್ಟ. ನಿನ್ನೆ ಸಂಜೆಯವರೆಗೂ ಗಟ್ಟಿಮುಟ್ಟಾಗಿದ್ದ. ಸೇತುವೆ ಹತ್ತಿರ ಸಿಕ್ಕಿ ನನ್ನ ಟೊಪ್ಪಿಗೆಯನ್ನು ಆಡಿಕೊಂಡು ನಕ್ಕಿದ್ದ. ಇವತ್ತು ಅವನ ಹೆಂಡತಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು — "ಹೊರಟೇ ಹೋದ್ರು, ತೋಕುಜಿ-ಸಾನ್."

ಹೌದು. ಕ್ಯೋತೊಗೆ. ಎಂಟು ಗಂಟೆಯ ರೈಲಿಗೆ. ನಾಳೆ ಬರುತ್ತಾನೆ.

ಯಾರೂ ಓದದ ಪುಸ್ತಕಕ್ಕೂ ಸುಳ್ಳು ಬರೆಯುವ ಚಟ ನನಗೆ. ಬರೆಯುವಾಗ ಒಂಥರಾ ಹಿತವಾಗಿತ್ತು... ಅದು ಬೇರೆ ವಿಷಯ.

ಎಂದಿನಂತೆ ಕೋವಿಗಳಿಗೆ ಎಣ್ಣೆ ಒರೆಸುತ್ತ ಕೂತಿದ್ದೆ. ಎಲ್ಲವೂ ಬತ್ತಿ ಹಚ್ಚಿ ಹೊಡೆಯುವ ಹಳೆ ಕಾಲದ ಬತ್ತಿಕೋವಿಗಳು, ಎಲ್ಲವೂ ನಮ್ಮ ಕುನಿತೊಮೊ ಕಮ್ಮಾರರು ಬಡಿದವು. ಮೂರನೆಯದಕ್ಕೆ ಬಂದಾಗ ಕೈ ನಿಂತಿತು. ಇಸೊಬೆ ಕ್ಯೋತೊಗೆ ಹೋಗಿರುವುದು ತೀರಿಹೋದ ತ್ಸುಕಿಓಕಾ ಯಜಮಾನರ ಏಡಿ ಕೋವಿಗೆ ಎಷ್ಟು ಬೆಲೆ ಕಟ್ಟಬಹುದು ಎಂದು ಅಲ್ಲಿನ ವ್ಯಾಪಾರಿಯನ್ನು ಕೇಳಲು. ಬೇರೆ ಏನು ಕೆಲಸ ಅವನಿಗೆ? ಹಲ್ಲಿನ ಡಾಕ್ಟರಿಕೆ ಬಿಟ್ಟು ಎಷ್ಟೋ ವರ್ಷವಾಯಿತು. ಊರವರ ಹಲ್ಲು ಕಿತ್ತವನು ಅವನು. ಹಲ್ಲು ಕಡಿಯುತ್ತಿರುವವನು ನಾನು.

ಕಿನುಯೊ ಚಹಾ ತಂದಿಟ್ಟಳು. "ಅದೇ ನಳಿಗೇನ ಎಷ್ಟು ಸಲ ಒರೆಸ್ತೀರಿ? ನನ್ ಬೆನ್ನನ್ನ ಒಂದಿನ ಹಿಂಗೆ ಉಜ್ಜಿದ್ದುಂಟಾ?"

"ನಿಂಗೆ ತುಕ್ಕು ಹಿಡಿಯಲ್ವಲ್ಲೇ."

"ನಿಮ್ ತಲೆಗೆ ಹಿಡಿದಿದೆಯಲ್ಲ, ಸಾಕು ಬಿಡಿ."

ಐವತ್ತು ವರ್ಷ ಊರವರ ಸ್ನಾನದ ಮನೆ ನಡೆಸಿದೆ. ಒಲೆಯ ಮುಂದೆ ಕೂತು ಕೂತು ಬೆಂಕಿ ಹೊಟ್ಟೆಗೇ ಇಳಿದಿರಬೇಕು. ಈಗ ಸ್ನಾನದ ಮನೆ ಮುಚ್ಚಿದೆ. ಕಿಚ್ಚು ಮಾತ್ರ ಉರಿಯುತ್ತಿದೆ.

ಏಪ್ರಿಲ್ ೧೦

ಇಸೊಬೆ ಬಂದ. ನನಗೆಂದು ಕ್ಯೋತೊದ ದಾಲ್ಚಿನ್ನಿ ಸಿಹಿ ತಂದಿದ್ದ. ನನಗೆ ಇಷ್ಟವಾದದ್ದೇ. ಈ ಮನುಷ್ಯನನ್ನು ನೆಮ್ಮದಿಯಾಗಿ ದ್ವೇಷಿಸಲೂ ಆಗುವುದಿಲ್ಲ. ಅಷ್ಟಕ್ಕೂ ಬಿಡುವುದಿಲ್ಲ ಅವನು.

"ವ್ಯಾಪಾರಿ ಏನಂದ?"

"ಯಾವ ವ್ಯಾಪಾರಿ? ಮೊಮ್ಮಗಳ ಕುಣಿತ ಇತ್ತು ಕಣೋ, ನೋಡೋಕೆ ಹೋಗಿದ್ದೆ."

ನಂಬಲಿಲ್ಲ. ಸಿಹಿಯನ್ನು ಪೂರ್ತಿ ತಿಂದೆ.

ಏಪ್ರಿಲ್ ೧೪

ತಾಕಿನೊ-ಸಾನ್ ಮನೆಗೆ ಹೋದೆ. ತ್ಸುಕಿಓಕಾ ಯಜಮಾನರು ಚಳಿಗಾಲದಲ್ಲಿ ತೀರಿಕೊಂಡ ಮೇಲೆ ಅವರ ಹೆಂಡತಿ, ಈ ಅಮ್ಮ, ಒಬ್ಬರೇ. ಯಜಮಾನರ ಕೋವಿಗಳನ್ನೆಲ್ಲ ಮಾರುತ್ತಾರೆ ಎಂಬ ಸುದ್ದಿ ಊರಿಗೇ ಗೊತ್ತು. ನನಗೆ ಬೇಕಾದದ್ದು ಒಂದೇ. ಎಂಟು ಮೂಲೆಯ ನಳಿಗೆ. ಬುಡದ ಹತ್ತಿರ ಕಬ್ಬಿಣದಲ್ಲಿ ಬೆಳ್ಳಿ ಕೂರಿಸಿ ಮಾಡಿದ ಏಡಿ. ಒಂದು ಕೊಂಡಿ ಎತ್ತಿ ನಿಂತಿದೆ. ಬೇರೆಯವರಿಗೆ ಅದು ಹೆದರಿಸುತ್ತಿರುವ ಹಾಗೆ ಕಾಣುತ್ತದೆ. ನನಗೆ ಯಾವತ್ತೂ ಕರೆಯುತ್ತಿರುವ ಹಾಗೆಯೇ ಕಂಡಿದೆ.

ಯಜಮಾನರು ಅದನ್ನು ವರ್ಷಕ್ಕೆ ಒಂದೇ ದಿನ ತೆರೆಯುತ್ತಿದ್ದರು, ಮಳೆ ಮುಗಿದ ಮೇಲೆ ಬರುವ ದೋಯೊ ದಿನ, ಗಾಳಿಗೆ ಇಡಲು. ನನ್ನ ಕೈಗೆ ಕೊಟ್ಟು ಹೇಳುತ್ತಿದ್ದರು — "ತೋಕುಜಿ, ಏಡಿ ನಿನ್ ಕೈಗೆ ಒಗ್ಗುತ್ತೆ ಕಣಯ್ಯ." ಮೂವತ್ತು ವರ್ಷ ಆ ಒಂದು ಮಾತನ್ನು ತಿಂದುಕೊಂಡು ಬದುಕಿದ್ದೇನೆ.

ಒಳಗೆ ಹೋದರೆ ಇಸೊಬೆ ಆಗಲೇ ಕೂತಿದ್ದ. ಮೆತ್ತೆಯ ಮೇಲೆ.

ತಾಕಿನೊ-ಸಾನ್ ಇಬ್ಬರನ್ನೂ ನೋಡಿ ನಕ್ಕರು. "ಏಡಿ ನಿಮ್ ಕೈಗೆ ಒಗ್ಗುತ್ತೆ ಅಂತ ಅವ್ರು ಹೇಳಿದ್ರು, ಅಲ್ವಾ?"

"ಹೌದಮ್ಮ," ಎಂದೆ.

"ಹೌದಮ್ಮ," ಎಂದ ಇಸೊಬೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಳೆ ಯಜಮಾನ! ನಾನು ಜೀವನವಿಡೀ ಊರವರಿಗೆ ಕೀಟಲೆ ಮಾಡಿದೆ. ನನಗೇ ಮಾಡಿ ಹೋಗಿದ್ದಾನೆ ಮುದುಕ.

"ಇಬ್ರಲ್ಲಿ ಒಬ್ರನ್ನ ಆರಿಸೋಕೆ ನನ್ ಕೈಲಾಗಲ್ಲಪ್ಪ," ಎಂದರು ಅಮ್ಮ. "ಬಟ್ಟಲಿಗೆ ಬಿಡ್ತೀನಿ. ಬಟ್ಟಲೇ ಹೇಳ್ಲಿ."

ಬಟ್ಟಲು ಹರಾಜು. ಒಂದೇ ಸಲ, ಒಂದೇ ಬೆಲೆ. ಅರಗಿನ ಬಟ್ಟಲಿನ ಒಳಗೆ ಬೆಲೆ ಬರೆದು, ಮಗುಚಿ, ಚಾಪೆಯ ಮೇಲೆ ಹರಾಜು ನಡೆಸುವವನತ್ತ ಜಾರಿಸಬೇಕು. ಆಮೇಲೆ ಕೂಗಾಟ ಇಲ್ಲ, ಏರಿಸಾಟ ಇಲ್ಲ.

ಹೊರಗೆ ಬಂದ ಮೇಲೆ ಇಸೊಬೆ ನನ್ನ ಹೆಗಲ ಮೇಲೆ ಕೈ ಇಟ್ಟ. "ನಿಂಗೆ ಬಂದ್ರೆ ನಂಗೆ ಬಂದ ಹಾಗೇ ಕಣೋ."

ನಾನೂ ಅದನ್ನೇ ಹೇಳಿದೆ. ನನ್ನದು ಸುಳ್ಳು. ಅವನದು ನಿಜವಿದ್ದರೆ... ಇನ್ನೂ ಕೆಟ್ಟದ್ದು.

ಏಪ್ರಿಲ್ ೨೦, ಸಂಜೆ

ಕೋಟೆ ಪಾರ್ಕಿನಲ್ಲಿ ನಮ್ಮ ಬತ್ತಿಕೋವಿ ತಂಡದ ಪ್ರದರ್ಶನ. ಚೆರ್ರಿ ಹೂವು ಉದುರುತ್ತಿತ್ತು, ಜನ ತುಂಬಿದ್ದರು. ಕಬ್ಬಿಣದ ಕವಚ, ಶಿರಸ್ತ್ರಾಣ, ಬರೀ ಮದ್ದು. ಗುಂಡಿಲ್ಲ. ತಂಡದ ನಾಯಕ ಇಸೊಬೆ. ಅವನು ಬೀಸಣಿಗೆ ಬೀಸಿ "ಹೊಡೀ!" ಎಂದಾಗ ನಾನು ಕೋವಿಯ ಕುದುರೆ ಎಳೆಯಬೇಕು. ಹೊಡೆದೆ. ಒಂದು ಕ್ಷಣ ಮೊದಲೇ ಹೊಡೆದೆ. ಬೀಸಣಿಗೆ ಇನ್ನೂ ಮೇಲಿತ್ತು. ಇಡೀ ಸಾಲು ನನ್ನ ಹಿಂದೆ ಪಟಪಟನೆ ಸಿಡಿಯಿತು. ಇಸೊಬೆ ಕೈ ಎತ್ತಿದವನು ಹಾಗೇ ನಿಂತುಬಿಟ್ಟ, ಬಸ್ ತಪ್ಪಿಸಿಕೊಂಡವನ ಹಾಗೆ. ಮಕ್ಕಳು ನಕ್ಕರು.

"ಲೋ ತೋಕು, ಕಿವಿ ಹೋಯ್ತಾ?"

"ಬತ್ತಿ ಇಡೋದು ನನ್ ಕೆಲಸ ಅಲ್ವಾ ಡಾಕ್ಟ್ರೇ? ಇಟ್ಟೆ."

ಅವನೂ ನಕ್ಕ. ಅವನ ನಗು ಚೆನ್ನಾಗಿದೆ. ಹಲ್ಲೆಲ್ಲ ಸ್ವಂತದ್ದು. ಹೊಟ್ಟೆಕಿಚ್ಚಿಗೆ ಅದೂ ಒಂದು.

ಏಪ್ರಿಲ್ ೨೭

ಎರಡು ಕೋವಿ ಮಾರಿದೆ. ಅಪ್ಪ ಕೊಟ್ಟದ್ದೂ ಸೇರಿ. ಕೊಂಡವನು ಹೊತ್ತೊಯ್ಯುವಾಗ ನೋಡಲಿಲ್ಲ, ಬಚ್ಚಲಲ್ಲಿ ನಿಂತಿದ್ದೆ.

ಕಿನುಯೊ ಖಾಲಿ ಗೂಟಗಳನ್ನು ನೋಡಿದಳು. ಬೈಯಲಿಲ್ಲ. ಮೆಲ್ಲಗೆ ಕೇಳಿದಳು — "ಅಷ್ಟು ಬೇಕಾ ಆ ಏಡಿ?"

"ಬೇಕು."

"ಈ ವಯಸ್ಸಲ್ಲಿ ಸವತಿ ತರ್ತಿದೀರಿ. ತನ್ನಿ. ಎಣ್ಣೆ ಮಾತ್ರ ನೀವೇ ಹಚ್ಚಿ."

ಒಂದು ವಿಷಯ ಇಸೊಬೆಗೆ ಗೊತ್ತಿಲ್ಲ. ಯಜಮಾನರು ಒಮ್ಮೆ, ಕುಡಿದ ಮೇಲೆ, ಏಡಿಯನ್ನು ತಾವು ಎಷ್ಟಕ್ಕೆ ತಂದದ್ದು ಎಂದು ನನ್ನ ಕಿವಿಯಲ್ಲಿ ಹೇಳಿದ್ದರು. "ನಾನ್ ಹೋದ್ಮೇಲೂ ಅಷ್ಟೇ ಬೆಲೆ. ಕಮ್ಮಿ ಕೊಟ್ರೆ ಏಡಿಗೆ ಅವಮಾನ. ಹೆಚ್ಚು ಕೊಟ್ರೆ ನಂಗೆ ಅವಮಾನ." ದೊಡ್ಡ ಮೊತ್ತ. ಈಗ ನನ್ನ ಬಳಿ ಸರಿಯಾಗಿ ಅಷ್ಟಿದೆ.

ಮೇ ೨

ಹರಾಜಿಗೆ ಮುಂಚಿನ ನೋಟ. ಸರೋವರದ ದಂಡೆಯ ಊಟದ ಮನೆಯ ಮಹಡಿ. ಕಿಟಕಿಯಾಚೆ ಬಿವಾ ನೀರು ತಣ್ಣಗೆ ಮಲಗಿತ್ತು. ಕೆಳಗಿನಿಂದ ಮೀನು ಸುಡುವ ವಾಸನೆ. ಕೋವಿಗಳು ಸಾಲಾಗಿ ಬಿಳಿ ಬಟ್ಟೆಯ ಮೇಲೆ.

ನಮ್ಮಲ್ಲಿ ಹಳೆ ಪದ್ಧತಿ. ಬಾಯಲ್ಲಿ ಮಡಿಸಿದ ಕಾಗದ ಕಚ್ಚಿಕೊಂಡೇ ಕೋವಿ ಹಿಡಿಯಬೇಕು, ರೇಷ್ಮೆ ಬಟ್ಟೆಯಲ್ಲಿ. ಮಾತಾಡಿದರೆ ಎಂಜಲು ಹಾರುತ್ತದೆ, ಬರಿಗೈಯಲ್ಲಿ ಬೆವರು ಅಂಟುತ್ತದೆ. ಹಳೆ ಕಬ್ಬಿಣಕ್ಕೆ ಎರಡೂ ವಿಷ. ಒಂದು ಹನಿ ಸಾಕು, ಮಳೆಗಾಲ ಕಳೆಯುವುದರೊಳಗೆ ಕೆಂಪು ಕಲೆ.

ಏಡಿಯ ಮುಂದೆ ನಾನೂ ಇಸೊಬೆಯೂ ಎದುರುಬದುರು ಕೂತೆವು. ಇಬ್ಬರ ಬಾಯಲ್ಲೂ ಕಾಗದ. ಹುಲ್ಲು ಕಚ್ಚಿದ ಎರಡು ಮುದಿ ಆಡು. ನಾನು ಹುಬ್ಬು ಹಾರಿಸಿದೆ. ಅವನು ಮೂಗಿನಿಂದ ಉಸಿರು ಬಿಟ್ಟ. ಅವನು ಕೋವಿಯನ್ನು ನನ್ನತ್ತ ಚಾಚಿದಾಗ ನೋಡಿದೆ, ಅವನ ಕಣ್ಣು ತೇವವಾಗಿತ್ತು.

ಕೈಗೆ ತೆಗೆದುಕೊಂಡೆ. ಒಗ್ಗಿತು. ಒಗ್ಗೇ ಒಗ್ಗುತ್ತದೆ. ಮುದುಕ ನನಗೆ ಹೇಳಿದ್ದು ನಿಜ.

ಮರಳಿಸಿದೆ. ಅವನು ಹಿಡಿದ. ಅವನ ಕೈಯಲ್ಲೂ ಅದು... ಬರೆಯುವುದಿಲ್ಲ.

ಮೇ ೩, ಸಂಜೆ

ಹೋಯಿತು.

ಈ ಸಲ ಕ್ಯೋತೊಗಲ್ಲ.

ಹರಾಜು ನಡೆಸುವವ ಹಚಿಯಾ. ಗಂಟಲು ದೊಡ್ಡದು, ಹೊಟ್ಟೆ ಇನ್ನೂ ದೊಡ್ಡದು. ಸಣ್ಣಪುಟ್ಟ ಕೋವಿಗಳೆಲ್ಲ ಮುಗಿದ ಮೇಲೆ ಏಡಿಯನ್ನು ಎತ್ತಿ ತೋರಿಸಿ ಕೂಗಿದ — "ಬರೀರಿ!"

ಕುಂಚ ತೆಗೆದುಕೊಂಡೆ. ಮೊತ್ತ ಬರೆದೆ. ಮೇಲೆ ಸ್ವಲ್ಪ ಸೇರಿಸೋಣ ಎಂದು ಮನಸ್ಸು ಹೇಳಿತು. ಬಚ್ಚಿಟ್ಟ ಔಷಧಿ ದುಡ್ಡು ಇತ್ತು. ಸೇರಿಸಲಿಲ್ಲ. ಮುದುಕನ ಮಾತು. ಒಂದೇ ಒಂದು ಸಲ ಮರ್ಯಾದೆಯಿಂದ ನಡೆದುಕೊಂಡೆ, ಬದುಕಿನಲ್ಲಿ.

"ಬಟ್ಟಲು ಬರ್ಲಿ!"

ಬಟ್ಟಲನ್ನು ಮಗುಚಿ ಹಿಡಿದೆ. ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಅಂಥ ಮೌನ ಕಂಡರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. "ಹಚಿಯಾ, ಹುಷಾರು ಕಣಪ್ಪ! ಮೂವತ್ತು ವರ್ಷ ಕುದಿಸಿದ ಸಾರು. ಊದ್ಕೊಂಡು ಕುಡಿ!"

ಮಹಡಿಯೇ ನಕ್ಕಿತು. ಹಚಿಯಾನ ಹೊಟ್ಟೆ ಕುಣಿಯಿತು. ನಾನು ನಗು ಇಳಿಯುವವರೆಗೆ ಕಾದೆ. ಹಾಳು ಚಟ, ನಗುವನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಆ ಹೊತ್ತಿನಲ್ಲೇ ಎಡಗಡೆಯಿಂದ ಒಂದು ಬಟ್ಟಲು ಚಾಪೆಯ ಮೇಲೆ ಸರ್‍ರನೆ ಜಾರಿಹೋಯಿತು. ಇಸೊಬೆಯದು. ನಂತರ ನನ್ನದು. ನಂತರ ಉಳಿದವರದು, ಬರೀ ಲೆಕ್ಕಕ್ಕೆ.

ಹಚಿಯಾ ಒಂದೊಂದನ್ನೇ ಎತ್ತಿ ಇಣುಕಿದ. ಇಸೊಬೆಯದನ್ನು ನೋಡಿದ. ನನ್ನದನ್ನು ನೋಡಿದ. ಮತ್ತೆ ಇಸೊಬೆಯದನ್ನು. ಅವನ ಮುಖ ನೋಡಿಯೇ ತಿಳಿಯಿತು.

"ಎರಡೂ ಒಂದೇ," ಎಂದ. "ಒಂದು ಯೆನ್ನೂ ಹೆಚ್ಚುಕಮ್ಮಿ ಇಲ್ಲ!"

ಮುದುಕ ಇಸೊಬೆಯ ಕಿವಿಯಲ್ಲೂ ಹೇಳಿದ್ದ. ಅವನೂ ಮುದುಕನ ಮಾತು ಮೀರಲಿಲ್ಲ.

ಬೆಲೆ ಒಂದೇ ಆದರೆ ಮೊದಲು ಮುಟ್ಟಿದ ಬಟ್ಟಲಿಗೆ. ನಮ್ಮ ಅಜ್ಜಂದಿರ ಕಾಲದ ನಿಯಮ. ಯಾರೂ ಮಾತಾಡುವ ಹಾಗಿಲ್ಲ. ಚಪ್ಪಾಳೆ. ನಾನೂ ತಟ್ಟಿದೆ. ನನ್ನ ಹಾಸ್ಯ ನನಗಿಂತ ಮೊದಲು ಮುಟ್ಟಿತು, ಅಷ್ಟೆ. ಇಸೊಬೆ ನಗಲಿಲ್ಲ. ಅವನಿಗೆ ಬೇಕಿದ್ದದ್ದು ಏಡಿ. ನನಗೆ ಏಡಿಯೂ ಬೇಕು, ನಗುವೂ ಬೇಕು.

ಎಲ್ಲರೂ ಕೆಳಗೆ ಊಟಕ್ಕೆ ಇಳಿದರು. ಇಸೊಬೆ ಸಹಿ ಹಾಕಲು ಪಕ್ಕದ ಕೋಣೆಗೆ ಹೋಗಬೇಕಿತ್ತು. ಕೋವಿಯನ್ನು ರೇಷ್ಮೆ ಬಟ್ಟೆಯ ಸಮೇತ ನನ್ನ ತೊಡೆಯ ಮೇಲಿಟ್ಟ. "ಹಿಡ್ಕೊಂಡಿರೋ. ಬೇರೆ ಯಾರ ಕೈಗೂ ಕೊಡಲ್ಲ ನಾನು." ಹೋದ.

ಬಂದ. ಸುತ್ತಿ, ಪೆಟ್ಟಿಗೆಗೆ ಹಾಕಿ, ದಾರ ಕಟ್ಟಿದ.

"ಯಜಮಾನ್ರ ಪದ್ಧತೀನೇ ನಂದೂ," ಎಂದ. "ದೋಯೊ ದಿನವೇ ಬಿಚ್ಚೋದು. ಅಲ್ಲೀವರೆಗೆ ಮುಟ್ಟಲ್ಲ. ನೀನೂ ಬಾ. ಇಬ್ರೂ ಒಟ್ಟಿಗೆ ನೋಡೋಣ."

ಬರುತ್ತೇನೆ ಎಂದೆ.

ಜೂನ್ ೧೧

ಮಳೆ ಹಿಡಿಯಿತು. ಪ್ಲಮ್ ಹಣ್ಣಾಗುವ ಹೊತ್ತಿನ ಮಳೆ. ಗೋಡೆ, ಚಾಪೆ, ಚಪ್ಪಲಿ, ಎಲ್ಲ ತೇವ. ಬೆಳಿಗ್ಗೆ ಎದ್ದರೆ ಹಾಸಿಗೆ ಮೀನಿನ ಹಾಗೆ.

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿದೆ? ಇರುವ ಕೋವಿಗಳಿಗೆ ಎಣ್ಣೆ ಒರೆಸುತ್ತೇನೆ. ಖಾಲಿ ಗೂಟಗಳಿಗೂ ಒಮ್ಮೊಮ್ಮೆ.

ಇಸೊಬೆಗೆ ಫೋನ್ ಮಾಡಿದೆ.

"ಡಾಕ್ಟ್ರೇ, ಒಂದ್ಸಲ ಪೆಟ್ಟಿಗೆ ಬಿಚ್ಚಿ ಎಣ್ಣೆ ಕೈ ಆಡಿಸಿಬಿಡು. ಈ ವರ್ಷ ತೇವ ಜಾಸ್ತಿ."

"ಏನೋ ತೋಕು, ತಡ್ಕೊಳ್ಳೋಕೆ ಆಗ್ತಿಲ್ವಾ? ನೋಡ್ಬೇಕು ಅನ್ನಿಸ್ತಿದ್ರೆ ನೇರವಾಗಿ ಹೇಳು."

"ನಂಗೇನು. ನಿನ್ ಕೋವಿ."

"ಹಬ್ಬದ ಅಡಿಗೆ ಹಿಂದಿನ ದಿನವೇ ಮುಚ್ಚಳ ತೆಗೆದು ನೋಡ್ತಾರಾ? ಕಾಯಿ. ನಾನೂ ಕಾಯ್ತಿದೀನಿ."

ಫೋನ್ ಇಟ್ಟ. ಕಿನುಯೊ ಕೇಳಿಸಿಕೊಂಡಿದ್ದಳು. "ಅವ್ರ ಕೋವಿ ಚಿಂತೆ ನಿಮಗ್ಯಾಕೆ ಬಂತು?"

"ಅಕ್ಕಪಕ್ಕದೋರ ಚಿಂತೆ ಮಾಡ್ಬಾರ್ದಾ?"

"ನೀವಾ?" ಎಂದಳು. ಅಷ್ಟೇ ಹೇಳಿ ಅನ್ನಕ್ಕೆ ಇಟ್ಟಳು.

ಜೂನ್ ೨೯

ಮಳೆ.

ಅವನ ಮನೆಯವರೆಗೆ ಹೋದೆ. ಕೊಡೆ ಹಿಡಿದು ಗೇಟಿನ ಹತ್ತಿರ ನಿಂತೆ. ಒಳಗೆ ರೇಡಿಯೋದಲ್ಲಿ ಬೇಸ್‌ಬಾಲ್. ಅವನು ಒಬ್ಬನೇ ಚಪ್ಪಾಳೆ ತಟ್ಟುತ್ತಿದ್ದ. ಅವನಿಗೆ ಎಲ್ಲದಕ್ಕೂ ಸಂತೋಷ. ಆ ಸಂತೋಷ ಕೇಳಿಸಿದ ಕೂಡಲೇ ಹೇಳಬೇಕೆಂದುಕೊಂಡಿದ್ದನ್ನು ಬಿಟ್ಟು ಗೇಟಿನಿಂದ ಕೈ ತೆಗೆದೆ. ಇರಲಿ, ಅವನಿಗೂ ಒಂದಿಷ್ಟು ಆಗಲಿ, ಎಂದುಕೊಂಡೆ. ಹೀಗೆಯೇ ಎಂದುಕೊಂಡೆ, ಇದೇ ಮಾತಿನಲ್ಲಿ.

ವಾಪಸ್ ಬಂದೆ. ಕಾಲು ನೆನೆದು ಶೀತ.

ಜುಲೈ ೨೧, ದೋಯೊ

ಬಿಸಿಲು. ಸುಟ್ಟ ಹಾವುಮೀನಿನ ಹೊಗೆ ಬೀದಿಯೆಲ್ಲ. ಹೊಟ್ಟೆನೋವು ಎಂದು ಹೇಳಿ ಕಳಿಸೋಣ ಎಂದುಕೊಂಡೆ. ಕಿನುಯೊ ತೊಳೆದ ಅಂಗಿ ಕೊಟ್ಟಳು. ಹೋದೆ.

ಇಸೊಬೆ ಮನೆಯ ಬಾಗಿಲು ಕಿಟಕಿಗಳೆಲ್ಲ ತೆರೆದಿದ್ದವು. ಗಾಳಿ ಹಾದುಹೋಗುತ್ತಿತ್ತು. ತಾಕಿನೊ-ಸಾನ್‌ಗೂ ಹೇಳಿ ಕಳಿಸಿದ್ದನಂತೆ, ಕಾಲುನೋವೆಂದು ಬಂದಿರಲಿಲ್ಲ. ಅವನು ಹೊಸ ಉಡುಪು ಹಾಕಿದ್ದ, ಮದುವೆಗೆ ಹೊರಟವನ ಹಾಗೆ. ಇಬ್ಬರೂ ಬಾಯಿಗೆ ಕಾಗದ ಇಟ್ಟುಕೊಂಡೆವು. ಅವನು ದಾರ ಬಿಚ್ಚಿದ. ಮುಚ್ಚಳ. ರೇಷ್ಮೆಯ ಒಂದು ಸುತ್ತು, ಇನ್ನೊಂದು ಸುತ್ತು.

ಅವನ ಬಾಯಿಂದ ಕಾಗದ ಬಿತ್ತು.

ಏಡಿಯ ಎತ್ತಿದ ಕೊಂಡಿಯ ಪಕ್ಕದಲ್ಲಿ ಕೆಂಪು ಗುರುತು. ಗೆರೆಗೆರೆಯಾಗಿ, ಅಂಚೆ ಮುದ್ರೆಯ ಹಾಗೆ ಸ್ಪಷ್ಟ. ಹೆಬ್ಬೆರಳು.

ಅವನ ಹೆಂಡತಿ ಬಾರ್ಲಿ ಚಹಾ ತಂದವಳು ಬಾಗಿಲಲ್ಲೇ ನಿಂತಳು.

"ನಂದೇ," ಎಂದ ಇಸೊಬೆ. "ಕೊನೇಲಿ ಸುತ್ತಿದೋನು ನಾನೇ ಅಲ್ವಾ. ಖುಷಿ ಹೆಚ್ಚಾಗಿತ್ತು. ಕೈ ಬೆವರಿತ್ತು."

"ಉಜ್ಜಿದ್ರೆ ಹೋಗಲ್ವಾ?" ಹೆಂಡತಿ ಕೇಳಿದಳು.

"ಉಜ್ಜಿದ್ರೆ ಬೆಳ್ಳೀನೂ ಹೋಗುತ್ತೆ. ಇದು ಇನ್ನು ಹೀಗೇ." ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಊರವರ ಬಾಯಿಗೆಲ್ಲ ಹೋಗಿಬಂದ ಕೈ, ಒಂದು ದಿನವೂ ತಪ್ಪಿರಲಿಲ್ಲ. "ಮುನ್ನೂರು ವರ್ಷ ಎಷ್ಟು ಜನ ಹಿಡಿದಿದ್ರೋ. ಒಬ್ರಿಂದಲೂ ಆಗ್ಲಿಲ್ಲ. ನಂಗೆ ಮೂರು ತಿಂಗಳೂ ಹಿಡಿಲಿಲ್ಲ ನೋಡೋ ತೋಕು."

ನನ್ನ ಬಾಯಲ್ಲಿ ಕಾಗದ ಇನ್ನೂ ಇತ್ತು. ತೆಗೆಯಲಿಲ್ಲ. ಒಳ್ಳೆ ನೆಪ.

ಜುಲೈ ೩೦

ಇಸೊಬೆ ತಂಡದ ನಾಯಕತ್ವ ಬಿಟ್ಟನಂತೆ. ಬೀಸಣಿಗೆಯನ್ನು ಹಚಿಯಾನ ಕೈಯಲ್ಲಿ ನನಗೆ ಕಳಿಸಿದ್ದಾನೆ. "ಹೇಗೂ ಅವನು ಮೊದಲೇ ಹೊಡೀತಾನೆ" ಎಂದನಂತೆ. ಹಚಿಯಾ ಹೇಳಿ ನಕ್ಕ. ನಾನೂ ನಕ್ಕೆ. ನಗು ಬಾಯಿಯಲ್ಲೇ ಒಣಗಿತು.

ಯಾರಿಗೂ ಕೀಟಲೆ ಮಾಡಿಲ್ಲ ಈ ವಾರ. ಮೀನಿನ ಅಂಗಡಿಯವನು ಜ್ವರವಾ ಎಂದು ಕೇಳಿದ.

ಆಗಸ್ಟ್ ೬, ಬೆಳಿಗ್ಗೆ

ಇಸೊಬೆ ಬಂದ. ಪೆಟ್ಟಿಗೆ ಹೊತ್ತುಕೊಂಡು. ಬಿಸಿಲಲ್ಲಿ ನಡೆದೇ ಬಂದಿದ್ದಾನೆ, ಬಸ್ಸಿನಲ್ಲಿ ಯಾರಾದರೂ ತಾಗಿಬಿಟ್ಟಾರು ಎಂದು. ನಮ್ಮ ಜಗಲಿಯ ಮೇಲಿಟ್ಟು ಉಸಿರು ತೆಗೆದುಕೊಂಡ.

"ಇದನ್ನ ಇಟ್ಕೋ."

"ಏನಾಯ್ತು ನಿಂಗೆ? ಬಿಸಿಲು ಹೊಡೀತಾ?"

"ತಮಾಷೆ ಬೇಡ ಕಣೋ. ಕಾಗದಪತ್ರ ಎಲ್ಲ ನಾಳೆ ಮಾಡಿಸೋಣ. ದುಡ್ಡು ನಿಂಗೆ ಆದಾಗ ಕೊಡು, ಆಗ್ದಿದ್ರೆ ಬೇಡ."

"ಬಟ್ಟಲು ನಿನ್ನದು ಮೊದಲು ಬಿತ್ತಲ್ಲೋ."

"ಬಟ್ಟಲಿಗೇನ್ ಗೊತ್ತು?" ಅವನು ಜಗಲಿಯ ಅಂಚಿನಲ್ಲಿ ಕೂತ. ಇದ್ದಕ್ಕಿದ್ದ ಹಾಗೆ ಮುದುಕನಾಗಿ ಕಂಡ. "ಎರಡು ವಾರ ಯೋಚ್ನೆ ಮಾಡ್ದೆ. ಯಜಮಾನ್ರು ಒಂದೇ ಮಾತನ್ನ ಇಬ್ರಿಗೂ ಹೇಳಿದ್ರು. ನಿಂಗೆ ಹೇಳಿದ್ದು ನಿಜ. ನಂಗೆ ಹೇಳಿದ್ದು ನನ್ ಮನಸ್ಸು ನೋಯ್ಬಾರ್ದು ಅಂತ. ಈಗ ಗೊತ್ತಾಯ್ತು. ನಿನ್ ಕೈ ಯಾವಾಗ್ಲೂ ಒಣಗಿರುತ್ತೆ. ಇಷ್ಟು ವರ್ಷದಲ್ಲಿ ನಿನ್ ಕೋವಿ ಮೇಲೆ ಒಂದು ಚುಕ್ಕಿ ತುಕ್ಕು ಕಂಡಿಲ್ಲ ನಾನು."

ಕಿನುಯೊ ಒಳಗಿನಿಂದ ಕಲ್ಲಂಗಡಿ ತಂದಳು. ಅವನು ತಿನ್ನಲಿಲ್ಲ.

"ಒಂದೇ ಆಸೆ," ಎಂದ. "ದೋಯೊ ದಿನ ಕರಿ. ನಾನು ಮುಟ್ಟಲ್ಲ. ನೀನು ಹಿಡಿದಿರು, ದೂರದಿಂದ ನೋಡ್ತೀನಿ."

ಹೂಂ ಎಂದೆ.

ಹೋಗುವಾಗ ಬೆನ್ನು ಬಗ್ಗಿತ್ತು. ಕೈಗಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಿದ್ದ, ಕದ್ದ ಮಾಲು ಬಚ್ಚಿಟ್ಟವನ ಹಾಗೆ. ಈ ಬಿಸಿಲಲ್ಲಿ.

ಅದೇ ದಿನ, ಸಂಜೆ

ಏಡಿ ನನ್ನ ಮನೆಯಲ್ಲಿದೆ. ನನ್ನ ಚಾಪೆಯ ಮೇಲೆ. ಮೂವತ್ತು ವರ್ಷ.

ಕೈಗೆ ತೆಗೆದುಕೊಂಡೆ. ಭಾರ ಅಷ್ಟೇ, ಬೆಳ್ಳಿ ಅಷ್ಟೇ. ಒಗ್ಗಲಿಲ್ಲ. ಎಲ್ಲಿ ಹಿಡಿದರೂ ಬೇರೆಯವರ ಕೋವಿ ಹಿಡಿದ ಹಾಗೆ. ಈಗಲೂ ಅವನ ಮೇಲೆ ಹೊಟ್ಟೆ ಉರಿಯುತ್ತಿದೆ. ಇದನ್ನು ಕೊಟ್ಟುಬಿಡಲು ಆಯಿತಲ್ಲ ಅವನಿಗೆ. ನನಗೆ ಆಗುತ್ತಿರಲಿಲ್ಲ. ಆ ಕೈಯೂ ನನಗಿಲ್ಲ.

ಹೋಗಿ ಹೇಳಬೇಕು. ಕಿನುಯೊಗೆ ಹೇಳಲಿಲ್ಲ. ಅವಳು ನೋಡುತ್ತಿದ್ದಾಳೆ. ಅವಳಿಗೆ ಗೊತ್ತಿರಬಹುದು. ಪುಸ್ತಕಕ್ಕಾದರೂ ಮೊದಲು ಹೇಳುತ್ತೇನೆ, ಇದಕ್ಕೆ ಹೇಳಿದರೆ ಬಾಯಿಗೆ ಅಭ್ಯಾಸವಾದೀತು. ಮೇ ಮೂರರಂದು ಬರೆಯದೆ ಬಿಟ್ಟ ಜಾಗ ಒಂದಿದೆ. ಅವನು ಸಹಿ ಹಾಕಲು ಹೋಗಿದ್ದ. ಮಹಡಿಯ ಮೇಲೆ ನಾನೊಬ್ಬನೇ. ಬೆವರು, ಮರೆವು, ಮುದಿತನ ಎಂದು ಬರೆಯಲು ಹೊರಟಿದ್ದೆ ಈಗಲೂ. ಅಲ್ಲ. ರೇಷ್ಮೆಯನ್ನು ಸರಿಸಿದವನು ನಾನು. ಹೆಬ್ಬೆರಳನ್ನು ನಾಲಿಗೆಯ ಮೇಲಿಟ್ಟು ಚೆನ್ನಾಗಿ ನೆನೆಸಿಕೊಂಡೆ. ಏಡಿಯ ಪಕ್ಕ ಒತ್ತಿದೆ. ಅವನ ಹೆಜ್ಜೆ ಸದ್ದು ಕೇಳಿಸುವವರೆಗೂ ತೆಗೆಯಲಿಲ್ಲ, ಒತ್ತಿಯೇ ಹಿಡಿದಿದ್ದೆ, ನನಗಿಲ್ಲದ್ದು ಅವನಿಗೂ —